ಲೋಡ್ ಅಂದರೆ ಎಷ್ಟು? ಮನೆ ರಿಪೇರಿಯ ಕಲ್ಲುಮಣ್ಣಿಗೆ ಯಾವ ಗಾಡಿ ಕರೆಯಬೇಕು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಂಗಳೂರಿನ ಬಿಜೈ ಹತ್ತಿರ ನಮ್ಮದು ಅರುವತ್ತು ವರ್ಷ ಹಳೆಯ ಹೆಂಚಿನ ಮನೆ, ಸುಮಾರು 1100 ಚದರ ಅಡಿ. ಮಾಡು (ಹೆಂಚಿನ ಛಾವಣಿ) ಹಾಗೆಯೇ ಇರಲಿ, ಒಳಗೆ ಮಾತ್ರ ರಿಪೇರಿ ಮಾಡಿಸುವ ಎಂದಿದ್ದೇವೆ. ಚಾವಡಿ, ಒಂದು ಕೋಣೆ, ಅಡುಗೆಮನೆ, ಎರಡು ಬಾತ್‌ರೂಮ್, ಇಷ್ಟರ ನೆಲ ಎಬ್ಬಿಸಬೇಕು. ನಡುವಿನ ಒಂದು ಗೋಡೆ ತೆಗೆಯಬೇಕು. ಹಿಂದಿನ ಚಾಯ್‌ಪಿಗೆ (ಗೋಡೆಗೆ ಒರಗಿದ ಇಳಿಮಾಡಿಗೆ) ಹಾಕಿದ ಸಿಮೆಂಟ್ ಶೀಟ್ ಬದಲಿಸಬೇಕು. ಮುಖ್ಯ ರಸ್ತೆಯಿಂದ ಮನೆಗೆ ಒಂಬತ್ತಡಿ ಅಗಲದ ಓಣಿ, ಒಂದು ಬದಿ ಚರಂಡಿ, ಅದರ ಮೇಲೆ ಚಪ್ಪಡಿ. ಮಗ ಅಮೆರಿಕದಲ್ಲಿದ್ದಾನೆ. "ಅಮ್ಮಾ, ಇಲ್ಲಿ ನಾವು ಡಂಪ್‌ಸ್ಟರ್ ಬಾಡಿಗೆಗೆ ತರಿಸುತ್ತೇವೆ, ನೀವೂ 20 ಯಾರ್ಡ್‌ನದ್ದು ತರಿಸಿ, ದೊಡ್ಡದಿದ್ದರೆ ತಲೆಬಿಸಿ ಇಲ್ಲ" ಎನ್ನುತ್ತಾನೆ. ಕಂಟ್ರಾಕ್ಟರು "ಮೂರು ಲೋಡ್ ಟಿಪ್ಪರ್" ಎನ್ನುತ್ತಾರೆ. ಪಕ್ಕದ ಮನೆಯವರು "ಏಸ್ ಗಾಡಿ ಹತ್ತು ಟ್ರಿಪ್ ಹೊಡೆದರೆ ಮುಗಿಯಿತು, ಕಮ್ಮಿಗೆ ಆಗುತ್ತದೆ" ಎನ್ನುತ್ತಾರೆ. ಇನ್ನೊಬ್ಬರು ತಗ್ಗು ಜಾಗ ತುಂಬಿಸಲು ಎಲ್ಲವನ್ನೂ ಪುಕ್ಕಟೆ ಕೊಂಡುಹೋಗುತ್ತಾರಂತೆ. ಯಾರ ಮಾತು ಕೇಳಲಿ? ಮಳೆ ಹಿಡಿಯುವ ಮೊದಲು ಮುಗಿಯಬೇಕು.

ಉತ್ತರ: ಟೀಚರ್, ನಿಮಗೆ ಸಿಕ್ಕ ನಾಲ್ಕು ಸಲಹೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ನಾಲ್ಕರಲ್ಲೂ ಒಂದು ಅಂಕಿ ಕಾಣೆಯಾಗಿದೆ: ನಿಮ್ಮ ಮನೆಯಿಂದ ಹೊರಗೆ ಹೋಗಬೇಕಾದ ಕಲ್ಲುಮಣ್ಣಿನ ತೂಕ ಎಷ್ಟು? ಅದು ಗೊತ್ತಿಲ್ಲದೆ ಗಾಡಿಯ ಸೈಜ್ ಮಾತಾಡುವುದು, ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದೇ ಊರಿನಲ್ಲಿ ಹಳೆ ಮನೆ ಒಡೆಸುವುದು, ರಿಪೇರಿ ಮಾಡಿಸುವುದು ನನ್ನ ಕೆಲಸ. ಶುರುವಿನಲ್ಲಿ ನಾನೇ ಇದರಲ್ಲಿ ಎಡವಿದ್ದೇನೆ. ಉಡುಪಿಯ ಕುಂಜಿಬೆಟ್ಟಿನಲ್ಲಿ ಒಂದು ಕೆಂಪುಕಲ್ಲಿನ ಗೋಡೆ ಒಡೆಯಬೇಕಿತ್ತು. ಟೇಪ್ ಹಿಡಿದು ಉದ್ದ, ಎತ್ತರ, ದಪ್ಪ ಅಳೆದು "ಎರಡು ಲೋಡ್" ಎಂದು ಮನೆಯವರಿಗೆ ಹೇಳಿದೆ. ಹೋದದ್ದು ಮೂರೂವರೆ ಲೋಡ್. ಆ ಮನೆಯ ಅಜ್ಜ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ತಪ್ಪಿದ್ದು ಎಲ್ಲಿ ಅಂದರೆ, ನಿಂತ ಗೋಡೆಯ ಅಳತೆಯೂ ಬಿದ್ದ ಗೋಡೆಯ ಅಳತೆಯೂ ಒಂದೇ ಅಂದುಕೊಂಡಿದ್ದೆ. ಒಡೆದ ಕಲ್ಲು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಾಗ ನಡುವೆ ಗಾಳಿ ತುಂಬುತ್ತದೆ. ಅಂದಾಜಿಗೆ ಒಂದೂವರೆ ಪಟ್ಟು ಉಬ್ಬುತ್ತದೆ. ತೂಕ ಮಾತ್ರ ಅಷ್ಟೇ ಇರುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ ಹಾಕುವ. ನೀವು ಕಳಿಸಿದ ನಕ್ಷೆಯ ಅಳತೆಗಳೇ ಇವು. ಚಾವಡಿ 12×16, ಕೋಣೆ 10×12, ಅಡುಗೆಮನೆ 10×10, ಬಾತ್‌ರೂಮ್ 5×8ರದ್ದು ಎರಡು. ನೆಲ ಒಟ್ಟು 492 ಚದರ ಅಡಿ. ಟೈಲ್ಸ್, ಅದರ ಅಡಿಯ ಗಾರೆ, ಅದಕ್ಕೂ ಅಡಿಯ ಜಲ್ಲಿ ಎಲ್ಲ ಸೇರಿ ಮೂರಿಂಚು ಹಿಡಿದರೆ 123 ಘನ ಅಡಿ. ಬಾತ್‌ರೂಮಿನ ಗೋಡೆ ಟೈಲ್ಸ್ ಏಳಡಿವರೆಗೆ, ಅಡುಗೆಮನೆಯದ್ದು ಕಟ್ಟೆಯ ಮೇಲೆ ಎರಡಡಿ. ಒಟ್ಟು ಸುಮಾರು 370 ಚದರ ಅಡಿ, ಪ್ಲಾಸ್ಟರ್ ಸೇರಿ ಒಂದೂವರೆ ಇಂಚು ದಪ್ಪ ಎಂದರೆ 46 ಘನ ಅಡಿ. ನಡುವಿನ ಗೋಡೆ 12 ಅಡಿ ಉದ್ದ, 10 ಅಡಿ ಎತ್ತರ, ಬಾಗಿಲು ಕಳೆದು, ಒಂಬತ್ತಿಂಚು ದಪ್ಪಕ್ಕೆ 74 ಘನ ಅಡಿ. ಅಡುಗೆ ಕಟ್ಟೆಗೆ 15 ಇರಲಿ. ಕೂಡಿಸಿದರೆ 258 ಘನ ಅಡಿ.

ಇದು ನಿಂತ ಅಳತೆ. ಒಡೆದ ಮೇಲೆ ಒಂದೂವರೆ ಪಟ್ಟು, ಅಂದರೆ 387 ಘನ ಅಡಿ. ಒಂದು ಘನ ಮೀಟರ್‌ಗೆ 35.3 ಘನ ಅಡಿ. ಗಾರೆ, ಕೆಂಪುಕಲ್ಲು, ಟೈಲ್ಸ್ ಎಲ್ಲ ಸೇರಿದ ಇಂಥ ಸಾಮಾನು ಒಡೆಯುವ ಮೊದಲು ಘನ ಮೀಟರಿಗೆ ಎರಡು ಟನ್ ಆಸುಪಾಸು ತೂಗುತ್ತದೆ. ಹಾಗಾಗಿ ನಿಮ್ಮ ಮನೆಯಿಂದ ಏಳುವ ಕಲ್ಲುಮಣ್ಣು ಹದಿನಾಲ್ಕೂವರೆ ಟನ್. ಗಾಬರಿಯಾಗಬೇಡಿ. ಹಳೆ ಮನೆಯ ಇಷ್ಟು ರಿಪೇರಿಗೆ ಇದು ಮಾಮೂಲಿ ಲೆಕ್ಕ.

ಆದರೆ ಮೂರಿಂಚು ಎಂದು ನಾನು ಹಿಡಿದದ್ದು ಊಹೆ. ಅರುವತ್ತು ವರ್ಷದ ಮನೆಯಲ್ಲಿ ಮೊದಲು ರೆಡ್ ಆಕ್ಸೈಡ್ ನೆಲ ಇದ್ದು, ಅದನ್ನು ಎಬ್ಬಿಸದೆ ಅದರ ಮೇಲೆಯೇ ಯಾರೋ ಟೈಲ್ಸ್ ಕೂರಿಸಿರುತ್ತಾರೆ. ಹೊಸ್ತಿಲಿನ ಎತ್ತರ ನೋಡಿದರೆ ಸುಳಿವು ಸಿಗುತ್ತದೆ. ಒಂದು ಕಾಲದಲ್ಲಿ ದಾಟಿ ಹೋಗುತ್ತಿದ್ದ ಹೊಸ್ತಿಲು ಈಗ ನೆಲದ ಮಟ್ಟಕ್ಕೇ ಬಂದಿದ್ದರೆ, ಅಡಿಯಲ್ಲಿ ಇನ್ನೊಂದು ನೆಲ ಮಲಗಿದೆ ಎಂದೇ ಅರ್ಥ. ಗಾಡಿಗೆ ಫೋನ್ ಮಾಡುವ ಮೊದಲು ಮೇಸ್ತ್ರಿಗೆ ಹೇಳಿ, ಕೋಣೆಯ ಮೂಲೆಯಲ್ಲಿ ಒಂದಡಿ ಚೌಕ ಒಡೆಸಿ, ಮಣ್ಣು ಸಿಗುವ ತನಕ. ಸ್ಕೇಲ್ ಇಳಿಸಿ ನೋಡಿ. ಮೂರರ ಬದಲು ಐದಿಂಚು ಇದ್ದರೆ ನಾಲ್ಕೂವರೆ ಟನ್ ಜಾಸ್ತಿಯಾಗುತ್ತದೆ. ಅರ್ಧ ಗಂಟೆಯ ಕೆಲಸ, ಇದಕ್ಕೆ ಯಾರೂ ತಯಾರಿರುವುದಿಲ್ಲ. "ಹೇಗೂ ಒಡೆಯುವುದಲ್ವಾ ಸರ್, ಆಗ ಗೊತ್ತಾಗ್ತದೆ" ಎನ್ನುತ್ತಾರೆ. ಆಗ ಗೊತ್ತಾದರೆ ಪ್ರಯೋಜನ ಏನು?

ಈಗ ನಿಮ್ಮ ಮಗನ ಮಾತಿಗೆ ಬರುವ. ಅಮೆರಿಕದ ಡಂಪ್‌ಸ್ಟರ್ ಅಂದರೆ ಲಾರಿಯಲ್ಲಿ ತಂದು ಮನೆಯೆದುರು ಇಳಿಸಿ ಹೋಗುವ ಕಬ್ಬಿಣದ ದೊಡ್ಡ ಪೆಟ್ಟಿಗೆ. ವಾರವೋ ಹತ್ತು ದಿನವೋ ಬಿಟ್ಟು ತುಂಬಿದ ಮೇಲೆ ಬಂದು ಎಳೆದುಕೊಂಡು ಹೋಗುತ್ತಾರೆ. ಸೈಜ್‌ಗಳನ್ನು ಘನ ಯಾರ್ಡ್‌ನಲ್ಲಿ ಹೇಳುತ್ತಾರೆ: 10, 20, 30, 40 ಹೀಗೆ. ಒಂದು ಘನ ಯಾರ್ಡ್‌ಗೆ 27 ಘನ ಅಡಿ. ಆದ್ದರಿಂದ 20 ಯಾರ್ಡ್ ಅಂದರೆ 540 ಘನ ಅಡಿ. ನಿಮ್ಮ 387 ಘನ ಅಡಿ ಅದರಲ್ಲಿ ಆರಾಮವಾಗಿ ಹಿಡಿಯುತ್ತದೆ, ಹೌದು. ಆದರೆ ಅಲ್ಲಿಯೂ ಬಾಡಿಗೆಯ ಜೊತೆಗೆ ತೂಕದ ಮಿತಿ ಇರುತ್ತದೆ. 20 ಯಾರ್ಡ್ ಪೆಟ್ಟಿಗೆಗೆ ಸಾಮಾನ್ಯವಾಗಿ ಕೆಲವೇ ಟನ್. ಅದಕ್ಕಿಂತ ಜಾಸ್ತಿಯಾದರೆ ಟನ್ ಲೆಕ್ಕದಲ್ಲಿ ಹೆಚ್ಚುವರಿ ಹಣ. ಅಲ್ಲಿನ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಬೋರ್ಡ್. ನೆಲದಲ್ಲಿ ಕಾರ್ಪೆಟ್ಟೋ ಹಲಗೆಯೋ. ಜಾಗ ತುಂಬಾ ತಿನ್ನುತ್ತದೆ, ತೂಕ ಕಡಿಮೆ. ಅಂಥದ್ದಕ್ಕೆ ದೊಡ್ಡ ಪೆಟ್ಟಿಗೆ ಸರಿಯೇ. ಅದೇ ಊರಿನಲ್ಲಿ ಕಾಂಕ್ರೀಟು, ಕಲ್ಲು, ಮಣ್ಣು ಸಾಗಿಸಬೇಕಾದರೆ 10 ಯಾರ್ಡ್‌ನ ಗಿಡ್ಡ ಪೆಟ್ಟಿಗೆಯನ್ನೇ ಕೊಡುತ್ತಾರೆ, ಜನ ಕಣ್ಣು ಮುಚ್ಚಿ ತುಂಬಿಸದಿರಲಿ ಎಂದು. ಭಾರದ ಸಾಮಾನಿಗೆ ಚಿಕ್ಕ ಪೆಟ್ಟಿಗೆ. "ದೊಡ್ಡದಿದ್ದರೆ ತಲೆಬಿಸಿ ಇಲ್ಲ" ಎನ್ನುವುದು ಅವನ ಮನೆಗೆ ಹೊಂದುವ ಮಾತು, ನಮ್ಮ ಕೆಂಪುಕಲ್ಲಿಗಲ್ಲ.

ಇನ್ನೊಂದು ವಿಷಯ. ನಿಮ್ಮ ಓಣಿಯಲ್ಲಿ ಅಷ್ಟುದ್ದದ ಪೆಟ್ಟಿಗೆ ಇಳಿಸಿದರೆ ಆಚೆ ಮನೆಯವರು ಸ್ಕೂಟರನ್ನು ಹೊತ್ತುಕೊಂಡು ಹೋಗಬೇಕಾಗುತ್ತದೆ.

ನಮ್ಮ ಕಡೆ ಹಾಗೆ ಪೆಟ್ಟಿಗೆ ಇಟ್ಟು ಹೋಗುವ ರೂಢಿ ಮನೆಮಟ್ಟದ ಕೆಲಸಕ್ಕೆ ಇಲ್ಲ. ಗಾಡಿ ಬರುತ್ತದೆ, ತುಂಬಿಸುತ್ತಾರೆ, ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಯ ಸೈಜ್ ಬದಲು ಗಾಡಿಯ ಸೈಜ್ ನೋಡಬೇಕು. ಇಲ್ಲಿ ಎಲ್ಲರೂ ಮೋಸ ಹೋಗುವ ಪದ "ಲೋಡ್". ಲೋಡ್ ಅನ್ನುವುದು ಅಳತೆಯೇ ಅಲ್ಲ. ಆರು ಚಕ್ರದ ದೊಡ್ಡ ಟಿಪ್ಪರ್‌ನದ್ದೂ ಒಂದು ಲೋಡ್, ಮಿನಿ ಟಿಪ್ಪರ್‌ನದ್ದೂ ಒಂದು ಲೋಡ್. ನಿಮ್ಮ ಕಂಟ್ರಾಕ್ಟರು ಹೇಳಿದ ಮೂರು ಲೋಡ್, ನೂರು ಘನ ಅಡಿಯ ಮಿನಿ ಟಿಪ್ಪರ್‌ನದ್ದಾದರೆ ನಿಮ್ಮ 387ಕ್ಕೆ ಸಾಲದು. ಕೊನೆಗೆ "ಇನ್ನೊಂದು ಲೋಡ್ ಆಯಿತು ಟೀಚರ್" ಎಂದು ಬರುತ್ತಾರೆ. ದೊಡ್ಡ ಟಿಪ್ಪರ್‌ನದ್ದಾದರೆ ಮೂರು ಬೇಡವೇ ಬೇಡ, ಎರಡೇ ಸಾಕು. ಅವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಆದರೆ ಯಾವ ಗಾಡಿ ಎಂದು ಕೇಳದೆ ಒಪ್ಪಿಕೊಂಡರೆ ಜಗಳಕ್ಕೆ ನೀವೇ ಜಾಗ ಕೊಟ್ಟ ಹಾಗೆ. ಕೇಳಬೇಕಾದದ್ದು ಎರಡೇ ಪ್ರಶ್ನೆ: ಗಾಡಿಯ ಬಾಡಿ ಒಳಗಿನಿಂದ ಎಷ್ಟು ಉದ್ದ, ಅಗಲ, ಎತ್ತರ? ಎಷ್ಟು ಟನ್ ಹೊರಬಹುದು? ಎರಡನೆಯದಕ್ಕೆ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ ನೋಡಿದರೆ ಸಾಕು. ಅದರಲ್ಲಿ ಖಾಲಿ ಗಾಡಿಯ ತೂಕ ಮತ್ತು ತುಂಬಿದ ಮೇಲಿನ ಗರಿಷ್ಠ ತೂಕ ಎರಡೂ ಇರುತ್ತವೆ. ಕಳೆದರೆ ಉತ್ತರ.

ಪಕ್ಕದ ಮನೆಯವರ ಏಸ್ ಗಾಡಿಯನ್ನು ಸ್ವಲ್ಪ ಹತ್ತಿರದಿಂದ ನೋಡುವ, ಯಾಕೆಂದರೆ ನಮ್ಮ ಊರಿನಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಅದೇ. ಟಾಟಾ ಏಸ್‌ನ ಬಾಡಿ ಹೆಚ್ಚುಕಡಿಮೆ ಏಳೂಕಾಲು ಅಡಿ ಉದ್ದ, ಐದಡಿಗೆ ಸ್ವಲ್ಪ ಕಡಿಮೆ ಅಗಲ, ಒಂದಡಿ ಎತ್ತರ. 35 ಘನ ಅಡಿ. ಹೊರಬಹುದಾದ ಭಾರ ಸುಮಾರು 750 ಕೆ.ಜಿ. ಈಗ ಸಿಮೆಂಟಿನ ಖಾಲಿ ಗೋಣಿ ತೆಗೆದುಕೊಳ್ಳಿ. ಅದರ ತುಂಬಾ ಒಡೆದ ಗಾರೆ, ಟೈಲ್ಸ್ ತುಂಬಿಸಿದರೆ ನಲವತ್ತೈದು ಕೆ.ಜಿ. ಹತ್ತಿರ ಬರುತ್ತದೆ. ಹದಿನಾರು ಗೋಣಿ ಇಟ್ಟರೆ 720 ಕೆ.ಜಿ. ಮುಗಿಯಿತು, ಗಾಡಿ ಭರ್ತಿ. ಆದರೆ ಹಿಂದೆ ನಿಂತು ನೋಡಿದರೆ ಅರ್ಧ ಖಾಲಿಯೇ ಕಾಣುತ್ತದೆ. ಗೋಣಿ ಇಲ್ಲದೆ ಸುರಿದರೂ ಅಷ್ಟೇ, ಒಂದಡಿಯ ಬಾಡಿಯಲ್ಲಿ ಏಳಿಂಚು ಏರುವಾಗಲೇ ಅದರ ಶಕ್ತಿ ಮುಗಿದಿರುತ್ತದೆ. ಅಲ್ಲಿಗೆ ನಿಲ್ಲಿಸಿ ಎಂದರೆ ಡ್ರೈವರ್ ನಗುತ್ತಾನೆ. ಅಂಚಿನವರೆಗೆ ತುಂಬಿಸಿ, ಮೇಲೆ ಗುಡ್ಡೆ ಮಾಡಿ, ಒಂದೂಕಾಲು ಟನ್ನೋ ಒಂದೂವರೆ ಟನ್ನೋ ಹೊತ್ತುಕೊಂಡು ಹೋಗುತ್ತಾನೆ. ಪಕ್ಕದ ಮನೆಯವರ "ಹತ್ತು ಟ್ರಿಪ್" ಹುಟ್ಟುವುದು ಅಲ್ಲಿಂದ. ನ್ಯಾಯವಾಗಿ ಹೊತ್ತರೆ ಇಪ್ಪತ್ತು ಟ್ರಿಪ್ ಬೇಕು.

ಹೊತ್ತರೆ ಏನಾಯಿತು, ಗಾಡಿ ಅವನದ್ದಲ್ವಾ ಎಂದು ನೀವು ಕೇಳಬಹುದು. ನಮ್ಮದು ಏರು ತಗ್ಗಿನ ಊರು. ಕದ್ರಿ ಕಡೆಯ ಇಳಿಜಾರಿನಲ್ಲಿ ದುಪ್ಪಟ್ಟು ಭಾರದ ಗಾಡಿಗೆ ಬ್ರೇಕ್ ಹಿಡಿಯುವುದು ಅದೃಷ್ಟದ ಮಾತು. ಕಾನೂನಿನ ಪ್ರಕಾರವೂ ಸಣ್ಣ ವಿಷಯವಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ಎಂದಿದೆ. ಹಿಡಿದರೆ ಡ್ರೈವರ್ ಫೋನ್ ಮಾಡುವುದು ನಿಮಗೇ.

ಹಾಗಾದರೆ ಉಳಿದ ಗಾಡಿಗಳು? ಪಿಕಪ್ ಗಾಡಿಗಳು ಒಂದೂವರೆ ಟನ್ ಆಸುಪಾಸು ಹೊರುತ್ತವೆ. ನಿಮ್ಮ ಹದಿನಾಲ್ಕೂವರೆ ಟನ್ನಿಗೆ ಹತ್ತು ಟ್ರಿಪ್. ಟಾಟಾ 407 ಥರದ ಮಿನಿ ಟಿಪ್ಪರ್ ಎರಡೂವರೆ ಟನ್, ಆರು ಟ್ರಿಪ್. ಇದರ ಬಾಡಿ 8×6×2 ಎಂದಿಟ್ಟುಕೊಂಡರೆ 96 ಘನ ಅಡಿ. ಆದರೆ ಎರಡಡಿ ಎತ್ತರದಲ್ಲಿ ಹದಿನಾರು ಇಂಚಿಗೆ ನಿಲ್ಲಿಸಬೇಕು. ಒಳಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಟೀಚರಲ್ವಾ ನೀವು! ಆರು ಚಕ್ರದ ಟಿಪ್ಪರ್‌ಗೆ ಒಟ್ಟು ತೂಕದ ಮಿತಿ 2018ರಿಂದ 18.5 ಟನ್. ಗಾಡಿಯ ಸ್ವಂತ ತೂಕ ಕಳೆದು ಹತ್ತು ಟನ್ ಚಿಲ್ಲರೆ ಹೊರಬಹುದು. ಎರಡು ಟ್ರಿಪ್‌ಗೆ ಕೆಲಸ ಮುಗಿಯುತ್ತದೆ. ಅಂದ ಹಾಗೆ ಹತ್ತು ಟನ್ ಕಲ್ಲುಮಣ್ಣು ಹಿಡಿಯುವ ಜಾಗ 265 ಘನ ಅಡಿ. ಅಮೆರಿಕದ 10 ಯಾರ್ಡ್ ಪೆಟ್ಟಿಗೆ 270. ಮಗನಿಗೆ ಬೇಕಾದರೆ ಹೇಳಿ, ನಮ್ಮಲ್ಲಿಯೂ ಅದೇ ಸೈಜ್ ಇದೆ, ಆದರೆ ಚಕ್ರ ಇದೆ.

ಆದರೆ ಆ ದೊಡ್ಡ ಟಿಪ್ಪರ್ ನಿಮ್ಮ ಓಣಿಗೆ ಬರುವುದಿಲ್ಲ. ಬರುತ್ತದೆ ಎಂದು ಡ್ರೈವರ್ ಹೇಳಿದರೂ ಬರಬಾರದು. ಅದರ ಅಗಲವೇ ಎಂಟಡಿ ಹತ್ತಿರ. ಒಂಬತ್ತಡಿ ಓಣಿಯಲ್ಲಿ ಒಂದು ಬದಿಯ ಚಕ್ರ ಚರಂಡಿ ಚಪ್ಪಡಿಯ ಮೇಲೇ ಹೋಗಬೇಕು. ನನ್ನ ಒಂದು ಕೆಲಸದಲ್ಲಿ ಹೀಗೇ ಆಯಿತು. ಸಂಜೆ ಹೊತ್ತು, ಕೊನೆಯ ಲೋಡ್, ಬೇಗ ಮುಗಿಸುವ ಆತುರ. ತುಂಬಿದ ಟಿಪ್ಪರ್ ಹಿಂದೆ ಬರುವಾಗ "ಟಪ್" ಎಂದು ಒಂದು ಸದ್ದು. ಚಪ್ಪಡಿ ಎರಡು ತುಂಡು, ಚಕ್ರ ಚರಂಡಿಯೊಳಗೆ, ಗಾಡಿ ಪಕ್ಕದ ಮನೆಯ ಕಾಂಪೌಂಡಿಗೆ ಒರಗಿ ನಿಂತಿದೆ. ಜೆಸಿಬಿ ತರಿಸಿ ಎತ್ತುವಾಗ ರಾತ್ರಿ ಹತ್ತೂವರೆ. ಚಪ್ಪಡಿ ಹೊಸತು, ಕಾಂಪೌಂಡು ಹೊಸತು, ಎಲ್ಲ ನನ್ನ ಖರ್ಚು. ಆ ಕೆಲಸದಲ್ಲಿ ಉಳಿದ ಲಾಭ ಅಲ್ಲಿಗೆ ಹೋಯಿತು. ಅಂದಿನಿಂದ ಓಣಿ ಅಳೆಯದೆ ಗಾಡಿ ಕರೆಯುವುದಿಲ್ಲ. ಅಳೆಯುವಾಗ ಅತಿ ಇಕ್ಕಟ್ಟಾದ ಜಾಗ ಅಳೆಯಬೇಕು. ತಿರುವು, ಕರೆಂಟ್ ಕಂಬ, ಕೆಳಗೆ ಜೋತುಬಿದ್ದ ಕೇಬಲ್, ಇವನ್ನೂ ನೋಡಬೇಕು. ಟಿಪ್ಪರ್ ಬಾಡಿ ಎತ್ತುವುದು ಸುರಿಯುವಲ್ಲಿ ಮಾತ್ರ, ನಿಮ್ಮಲ್ಲಲ್ಲ. ಹಾಗಾಗಿ ಎತ್ತರದ ಚಿಂತೆ ಅಷ್ಟಿಲ್ಲ.

ಗಾಡಿ ಯಾವುದು ಎಂದು ತೀರ್ಮಾನಿಸುವ ಮೊದಲು ಇನ್ನೊಂದು ಕೆಲಸ ಬಾಕಿ ಇದೆ. ಹದಿನಾಲ್ಕೂವರೆ ಟನ್ನನ್ನೂ ಯಾಕೆ ಹೊರಗೆ ಕಳಿಸಬೇಕು?

ಮನೆ ಕಟ್ಟಿದ ಕಾಲ ನೋಡಿದರೆ ಗೋಡೆಯ ಕಲ್ಲು ಮಣ್ಣಿನಲ್ಲೋ ಸುಣ್ಣದಲ್ಲೋ ಕೂತಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಕಲ್ಲು ಇಡಿಯಾಗಿ ಏಳುತ್ತದೆ. ಸುತ್ತಿಗೆಯಿಂದ ನಡುವೆ ಬಡಿಯುವ ಬದಲು ಮೇಲಿನ ವರಸೆಯಿಂದ ಒಂದೊಂದೇ ಬಿಡಿಸಬೇಕು. ಗೋಡೆಯಲ್ಲಿ ನೂರರ ಹತ್ತಿರ ಕಲ್ಲಿದ್ದು ಅದರಲ್ಲಿ ಐವತ್ತು ಸಿಕ್ಕಿದರೂ, ಒಂದಕ್ಕೆ ಮೂವತ್ತು ಕೆ.ಜಿ. ಹಿಡಿದು ಒಂದೂವರೆ ಟನ್ ಅಲ್ಲೇ ಉಳಿಯಿತು. ಹಿಂದಿನ ಒಗೆಯುವ ಕಲ್ಲಿನ ಕಟ್ಟೆ ಎತ್ತರಿಸಬೇಕು ಎಂದು ನಕ್ಷೆಯ ಬದಿಯಲ್ಲಿ ನೀವೇ ಬರೆದಿದ್ದೀರಿ. ಅದರ ಹೊಟ್ಟೆ ತುಂಬಿಸಲು, ಮೆಟ್ಟಿಲ ಅಡಿಗೆ, ಶುದ್ಧ ಗಾರೆ ಕಲ್ಲಿನ ಚೂರು ಮೂರು ಟನ್ ಸುಲಭವಾಗಿ ಹೋಗುತ್ತದೆ. ಚೆನ್ನಾಗಿ ನೀರು ಹೊಡೆದು ದಿಮ್ಮಸು ಹಾಕಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ಕುಸಿಯುತ್ತದೆ. ತೋಟದ ಗಿಡದ ಬುಡಕ್ಕೆ ಮಾತ್ರ ಹಾಕಬೇಡಿ. ಸುಣ್ಣ, ಸಿಮೆಂಟ್ ಇದ್ದ ಮಣ್ಣು ಗಿಡಕ್ಕೆ ಒಗ್ಗುವುದಿಲ್ಲ. ಬಾತ್‌ರೂಮಿನ ನಲ್ಲಿ, ಪೈಪ್, ಕಿಟಕಿಯ ಸರಳು ಗುಜರಿಗೆ. ಬಾಗಿಲಿನ ದಾರಂದ ಹಲಸಿನದ್ದಾದರೆ ಒಡೆಯುವ ಮೊದಲು ಒಬ್ಬ ಆಚಾರಿಗೆ ತೋರಿಸಿ.

ಇಷ್ಟು ಬೇರೆ ಮಾಡಿದರೆ ನಿಜವಾಗಿ ಹೊರಗೆ ಹೋಗಬೇಕಾದದ್ದು ಹತ್ತು ಟನ್. ಮಿನಿ ಟಿಪ್ಪರ್‌ಗೆ ನಾಲ್ಕು ಟ್ರಿಪ್, ಪಿಕಪ್‌ಗೆ ಏಳು.

ಮಾಡು ಇಳಿಸುವುದಿಲ್ಲ ಎಂದದ್ದು ಒಳ್ಳೆಯದಾಯಿತು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಊರಿನ ಹೆಂಚು ಎಲ್ಲೆಲ್ಲಿಗೋ ಹೋಯಿತು. ಹಳೆ ಹೆಂಚಿಗೆ ಈಗಲೂ ಗಿರಾಕಿ ಇದ್ದಾರೆ. ಮುಂದೆ ಎಂದಾದರೂ ಇಳಿಸಿದರೆ ಚದರ ಮೀಟರಿಗೆ ಹದಿನೈದರಂತೆ ನಿಮ್ಮಲ್ಲಿ ಎರಡು ಸಾವಿರ ಹೆಂಚು ಮೀರಬಹುದು, ಐದು ಟನ್ ತೂಕ. ಅದನ್ನು ಯಾರಾದರೂ "ವೇಸ್ಟ್" ಲೋಡಿಗೆ ಸೇರಿಸಿದರೆ ಒಪ್ಪಬೇಡಿ.

ಪುಕ್ಕಟೆ ಕೊಂಡುಹೋಗುವವರ ಬಗ್ಗೆ ನನಗೆ ಸ್ವಲ್ಪ ಕೋಪ ಇದೆ, ಮೊದಲೇ ಹೇಳಿಬಿಡುತ್ತೇನೆ. ತಗ್ಗು ಜಾಗ ತುಂಬಿಸುವುದೇ ತಪ್ಪು ಎಂದಲ್ಲ. ಮನೆ ಕಟ್ಟುವ ಜಾಗದ ಪಾಯ ಎತ್ತರಿಸಲು ಶುದ್ಧ ಕಲ್ಲುಮಣ್ಣು ಕೇಳಿದರೆ ಸಂತೋಷದಿಂದ ಕೊಡಿ. ಆದರೆ ಅವರು "ತಗ್ಗು ಜಾಗ" ಎನ್ನುವುದು ಎಷ್ಟೋ ಸಲ ಬೈಲು ಗದ್ದೆ, ತೋಡಿನ ಬದಿ, ಇಲ್ಲವೇ ಹೊಳೆಯ ಹಿನ್ನೀರಿನ ಅಂಚು. ನೇತ್ರಾವತಿ, ಫಲ್ಗುಣಿ ಬದಿಯ ಅಂಥ ಜಾಗ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಳಗೆ ಬಂದರೆ ತುಂಬಿಸುವುದೇ ಕಾನೂನುಬಾಹಿರ. ತೋಡಿನ ಬದಿಗೆ ಸುರಿದದ್ದು ಜೂನ್‌ನಲ್ಲಿ ತೋಡಿಗೇ ಇಳಿಯುತ್ತದೆ. ಕೊಟ್ಟಾರ ಚೌಕಿಯಲ್ಲಿ ಮಳೆಗಾಲದಲ್ಲಿ ನೀರು ನಿಂತಾಗ ಎಲ್ಲರೂ ಪಾಲಿಕೆಗೆ ಬೈಯುತ್ತೇವೆ. ಯಾರ ಮನೆಯ ಬಾತ್‌ರೂಮ್ ಟೈಲ್ಸ್ ಯಾವ ತೋಡಿನಲ್ಲಿದೆ ಎಂದು ಕೇಳುವುದಿಲ್ಲ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹೋದದ್ದು ನಿಮಗೂ ಗೊತ್ತಲ್ವಾ. ಅದು ಊರಿನ ಕಸ, ಇದು ಕಲ್ಲುಮಣ್ಣು, ಬೇರೆ ಬೇರೆ. ಆದರೆ ರಾಶಿ ಮಾಡಿ ಬಿಟ್ಟದ್ದು ಈ ಊರಿನ ಮಳೆಗೆ ಅಲ್ಲೇ ಕೂತಿರುವುದಿಲ್ಲ.

ಹಾಗಾಗಿ ಪುಕ್ಕಟೆಯವರಿಗೆ ಕೊಡುವುದಾದರೆ ಜಾಗ ಯಾರದ್ದು, ಎಲ್ಲಿದೆ, ಅಲ್ಲಿ ಗದ್ದೆ ಇತ್ತೇ ಎಂದು ಕೇಳಿ. ಜಾಗದ ಯಜಮಾನರಿಂದಲೇ ಒಂದು ವಾಟ್ಸಾಪ್ ಮೆಸೇಜ್ ತರಿಸಿಕೊಳ್ಳಿ. ಮೊದಲ ಟ್ರಿಪ್ ಜೊತೆ ಮನೆಯ ಯಾರಾದರೂ ಸ್ಕೂಟರಿನಲ್ಲಿ ಹೋಗಿ ನೋಡಿ ಬರಲಿ. ಇಷ್ಟಕ್ಕೆ ಹಿಂಜರಿದರೆ ಕೈಬಿಡಿ. ಬೇರೆ ದಾರಿ ಪಾಲಿಕೆಯದ್ದು. ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ತಿಳಿಸಿ, ಕಟ್ಟಡ ತ್ಯಾಜ್ಯ ಎಲ್ಲಿ ಹಾಕಬೇಕು ಎಂದು ಕೇಳಿ, ಶುಲ್ಕ ಕಟ್ಟಿ ಅಲ್ಲಿಗೇ ಕಳಿಸುವುದು. ದಿನಾ ಬರುವ ಕಸದ ಗಾಡಿಗೆ ಒಂದು ಬುಟ್ಟಿ ಟೈಲ್ಸ್ ಚೂರು ಸೇರಿಸುವ ಆಸೆ ಬೇಡ. ಹಸಿ ಕಸ, ಒಣ ಕಸದ ಜೊತೆ ಇದನ್ನು ಬೆರೆಸುವಂತಿಲ್ಲ. ಕಟ್ಟಡ ತ್ಯಾಜ್ಯಕ್ಕೆಂದೇ 2016ರಲ್ಲಿ ನಿಯಮ ಬಂತು. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರುವವರ ಮೇಲೆ ಅದರಲ್ಲಿ ಹೆಚ್ಚಿನ ಹೊಣೆ ಹಾಕಿದ್ದರು. ಅದರ ಜಾಗಕ್ಕೆ 2025ರಲ್ಲಿ ಹೊರಡಿಸಿದ ಹೊಸ ನಿಯಮ 2026ರ ಏಪ್ರಿಲ್ 1ರಿಂದ ಜಾರಿ, ಅದರ ದೊಡ್ಡ ಭಾರ ಬೀಳುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳ ಮೇಲೆ. ನಿಮ್ಮ ಹತ್ತು ಟನ್ ಆ ಸಾಲಿಗೆ ಸೇರುವುದಿಲ್ಲ. ಆದರೆ ರಸ್ತೆಗೆ, ಚರಂಡಿಗೆ ಸುರಿಯಬಾರದು ಎನ್ನುವುದು ಚಿಕ್ಕ ಮನೆಗೂ ಅನ್ವಯಿಸುತ್ತದೆ.

ಸಿಮೆಂಟ್ ಶೀಟನ್ನು ಬೇರೆಯೇ ಇಡಿ. ಹಳೆ ಶೀಟ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಇಡಿಯಾಗಿರುವ ತನಕ ತೊಂದರೆ ಕಡಿಮೆ, ಒಡೆದಾಗ ಹಾರುವ ಎಳೆ ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಲಸದವರು ಮೇಲಿಂದ ಕೆಳಗೆ ಎಸೆಯುತ್ತಾರೆ, ಬೇಗ ಆಗುತ್ತದೆ ಎಂದು. ಬಿಡಬೇಡಿ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಡಿಸಿ. ಇಳಿಸುವವರಿಗೆ ಪಿ100 ಫಿಲ್ಟರ್ ಇರುವ ಮಾಸ್ಕ್ ಕೊಡಿ, ಟವೆಲ್ ಕಟ್ಟಿಕೊಂಡರೆ ಸಾಲದು, ಮಾಮೂಲಿ ಎನ್95 ಕೂಡ ಸಾಲದು. ಪಾಲಿಕೆಗೆ ಫೋನ್ ಮಾಡುವಾಗ ಇದನ್ನು ಪ್ರತ್ಯೇಕವಾಗಿ ಹೇಳಿ. ಜಾಗ ತುಂಬಿಸುವ ಲೋಡಿಗೆ ಒಂದು ತುಂಡೂ ಹೋಗಬಾರದು. ಅಮೆರಿಕದ ಡಂಪ್‌ಸ್ಟರ್‌ನವರೂ ಇದನ್ನು ಮಾಮೂಲಿ ಪೆಟ್ಟಿಗೆಗೆ ಹಾಕಲು ಬಿಡುವುದಿಲ್ಲ.

ಹಾಗಾದರೆ ನಿಮ್ಮ ಮುಂದೆ ಇರುವ ದಾರಿಗಳೇನು? ಎಲ್ಲವನ್ನೂ ಅಂಗಳದಲ್ಲಿ ರಾಶಿ ಹಾಕಿ, ಕೊನೆಗೆ ಒಂದೇ ದಿನ ದೊಡ್ಡ ಟಿಪ್ಪರ್ ತರಿಸುವುದು ಒಂದು. ಟ್ರಿಪ್ ಕಡಿಮೆ, ಆದರೆ ದೊಡ್ಡದು ಮುಖ್ಯ ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಗೆ ಕೈಗಾಡಿಯಲ್ಲಿ ಸಾಗಿಸುವ ಕೂಲಿ ಬಾಡಿಗೆಯನ್ನೇ ನುಂಗುತ್ತದೆ. ಮೇಲಾಗಿ ಮೇ ತಿಂಗಳ ಒಂದು ಗುಡುಗಿನ ಮಳೆ ಸಾಕು, ರಾಶಿಯ ಕೆಂಪು ನೀರು ಆಚೆ ಮನೆಯ ಬಾವಿಕಟ್ಟೆಗೆ. ಕೆಂಪುಕಲ್ಲು ನೀರು ಕುಡಿಯುತ್ತದೆ, ಒದ್ದೆ ರಾಶಿಯ ತೂಕವೂ ಏರುತ್ತದೆ. ಕಂಟ್ರಾಕ್ಟರಿಗೇ ಒಟ್ಟು ಮೊತ್ತಕ್ಕೆ ವಹಿಸುವುದು ಇನ್ನೊಂದು. ನಿಮಗೆ ಎಣಿಸುವ ಕೆಲಸ ಇಲ್ಲ. ಆದರೆ ಒಟ್ಟು ಮೊತ್ತ ಒಪ್ಪಿಕೊಂಡವನಿಗೆ ಹತ್ತಿರದ ಖಾಲಿ ಜಾಗ ಕಂಡರೆ ಆಸೆಯಾಗುತ್ತದೆ, ಯಾಕೆಂದರೆ ದೂರ ಹೋದಷ್ಟೂ ಡೀಸೆಲ್ ಅವನದ್ದು. ವಹಿಸುವುದಾದರೆ "ಎಲ್ಲಿ ಹಾಕುತ್ತೇನೆ" ಎನ್ನುವುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.

ನಾನಾಗಿದ್ದರೆ ಮಿನಿ ಟಿಪ್ಪರ್ ಹಿಡಿಯುತ್ತೇನೆ, ಎರಡು ಸರ್ತಿಯಲ್ಲಿ. ಅದರ ಅಗಲ ಏಳಡಿ ಮೀರದಿದ್ದರೆ ನಿಮ್ಮ ಓಣಿಯಲ್ಲಿ ಚಪ್ಪಡಿ ಮುಟ್ಟದೆ ಬರುತ್ತದೆ. ಮೊದಲು ಬಾತ್‌ರೂಮ್, ಅಡುಗೆಮನೆ ಒಡೆದಾಗ ಒಂದು ದಿನ, ಆಮೇಲೆ ಚಾವಡಿ, ಕೋಣೆ, ಗೋಡೆ ಮುಗಿದಾಗ ಇನ್ನೊಂದು ದಿನ. ಮನೆಯೊಳಗೆ ರಾಶಿ ಬೆಳೆಯುವುದಿಲ್ಲ, ನೀವು ಒಂದು ಬದಿಯಲ್ಲಿ ವಾಸವಿರಬಹುದು. ಗಾಡಿ ಹೋಗಿ ಬರುವ ತನಕ ಆಳುಗಳು ಸುಮ್ನೆ ಕೂರದ ಹಾಗೆ ಗೋಣಿಗಳನ್ನು ತುಂಬಿಸಿಡಲಿ, ಅರ್ಧ ಗೋಣಿ ಮಾತ್ರ. ನಲವತ್ತೈದು ಕೆ.ಜಿ. ಹೊತ್ತು ಹೊಸ್ತಿಲು ದಾಟಿಸುವುದು ಯಾರ ಸೊಂಟಕ್ಕೂ ಒಳ್ಳೆಯದಲ್ಲ, ಟೈಲ್ಸ್ ಚೂರು ಗೋಣಿ ಹರಿದು ಕಾಲಿಗೂ ಬೀಳುತ್ತದೆ. ದರ ಮಾತಾಡುವಾಗ ಟ್ರಿಪ್ಪಿಗೆ ಎಷ್ಟು, ತುಂಬಿಸುವ ಕೂಲಿ ಅದರಲ್ಲಿ ಸೇರಿದೆಯೇ, ಸುರಿಯುವ ಜಾಗ ಎಲ್ಲಿ, ಈ ಮೂರೂ ಒಟ್ಟಿಗೆ ಮಾತಾಡಿ. ಹೊರಡುವ ಪ್ರತಿ ಟ್ರಿಪ್‌ನ ಫೋಟೊ ತೆಗೆಯಿರಿ, ನಂಬರ್ ಪ್ಲೇಟ್ ಕಾಣುವ ಹಾಗೆ. ಸಂಶಯ ಬಂದರೆ ಒಂದು ಟ್ರಿಪ್ಪನ್ನು ವೇಬ್ರಿಡ್ಜ್‌ಗೆ (ಗಾಡಿ ತೂಗುವ ತಕ್ಕಡಿಗೆ) ಏರಿಸಿ. ಉಳಿದ ಟ್ರಿಪ್‌ಗಳ ಅಂದಾಜು ತಾನಾಗಿ ಸಿಗುತ್ತದೆ. ಟಾರ್ಪಾಲು ಹೊದಿಸದೆ ಗಾಡಿ ಹೊರಡಬಾರದು. ಓಣಿಯಲ್ಲಿ ಉದುರಿದ ಚೂರಿಗೆ ಯಾರದ್ದಾದರೂ ಟಯರ್ ಪಂಕ್ಚರ್ ಆದರೆ ಬೈಗುಳ ತಿನ್ನುವುದು ನೀವು.

ಮಿನಿ ಟಿಪ್ಪರ್ ಸಿಗದಿದ್ದರೆ ಪಿಕಪ್ ಆಗುತ್ತದೆ, ಮೂರು ಟ್ರಿಪ್ ಜಾಸ್ತಿ ಅಷ್ಟೇ. ಏಸ್ ಗಾಡಿಯನ್ನು ಪೈಪು, ಮರ, ಹಳೆ ಕಮೋಡು, ಬೇಸಿನ್‌ಗೆ ಇಟ್ಟುಕೊಳ್ಳಿ. ಜಾಗ ತಿನ್ನುವ, ತೂಕ ಇಲ್ಲದ ಸಾಮಾನಿಗೆ ಅದರಷ್ಟು ಚಂದದ ಗಾಡಿ ಇಲ್ಲ.

ಕೊನೆಗೆ, ನೀವು ಕೇಳದ ಒಂದು ವಿಷಯ. ಆ ನಡುವಿನ ಗೋಡೆಯ ಮೇಲೆ ಮಾಡಿನ ತೊಲೆ ಕೂತಿದೆಯೇ? ಹಳೆ ಹೆಂಚಿನ ಮನೆಗಳಲ್ಲಿ ಪಕ್ಕಾಸಿನ (ಹೆಂಚು ಹೊರುವ ಮರದ ಅಡ್ಡೆಗಳ) ಭಾರ ಒಳಗೋಡೆಗೆ ಇಳಿದಿರುವುದು ತುಂಬಾ ಸಾಮಾನ್ಯ. ಅಟ್ಟ ಹತ್ತಿ, ಗೋಡೆಯ ತುದಿ ಕಾಣುವಂತೆ ಎರಡು ಫೋಟೊ ತೆಗೆದು ನನಗೆ ಕಳಿಸಿ. ನೋಡಿ ಹೇಳುವ ತನಕ ಅದಕ್ಕೆ ಸುತ್ತಿಗೆ ತಾಗಿಸಬೇಡಿ. ನೆಲದ ಕೆಲಸ ಬೇಕಾದರೆ ನಾಳೆಯೇ ಶುರುಮಾಡಿ.